ಹಾಸನದ ಅಂಗಡಿಗಳ ‘ಪಿಸಿಓಡಿ ಬೀಜದ ಕಿಟ್’: ಬೀಜಕ್ಕೆ ಒಪ್ಪಿಗೆ, ಕ್ಯಾಲೆಂಡರಿಗೆ ಇಲ್ಲ

ಹಾಸನದ ಡ್ರೈಫ್ರೂಟ್ಸ್ ಅಂಗಡಿಗಳಲ್ಲಿ, ಕೆಲವು ಮೆಡಿಕಲ್ ಶಾಪ್‌ಗಳ ಕೌಂಟರ್ ಮೇಲೆ ಕೂಡ, ಈಚೆಗೆ ಜೋಡಿ ಡಬ್ಬಿಗಳು ಕಾಣಿಸುತ್ತಿವೆ. ಒಂದರ ಮೇಲೆ ‘ಹಂತ 1’, ಇನ್ನೊಂದರ ಮೇಲೆ ‘ಹಂತ 2’. ಪಿಸಿಓಡಿ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ ಇರುವ ಹೆಣ್ಣುಮಕ್ಕಳಿಗೆ, ಮುಟ್ಟು ಹಿಂದುಮುಂದಾಗುವವರಿಗೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಎಂದು ಮಾರುತ್ತಾರೆ. ಹೆಸರು, ಬಣ್ಣ ಬೇರೆ ಬೇರೆ. ಒಳಗಿರುವುದು ಹೆಚ್ಚುಕಡಿಮೆ ಒಂದೇ. ಇಲ್ಲಿ ಪರಿಶೀಲಿಸಿರುವುದು ಅಂಥದೊಂದು ಕಿಟ್: ತಲಾ 280 ಗ್ರಾಂನ ಎರಡು ಪಾರದರ್ಶಕ ಡಬ್ಬಿ, ಒಂದು ಅಳತೆ ಚಮಚ, ಮೊಬೈಲಿಗೆ ಬರುವ ಡಯಟ್ ಚಾರ್ಟ್. ಒಂದು ತಿಂಗಳಿಗೆ ಸಾಲುವ ಇದರ ಬೆಲೆ 650 ರೂಪಾಯಿ. ಅದೇ ಹೆಸರಿನ ಲಡ್ಡು ಬೇರೆ ಡಬ್ಬಿಯಲ್ಲಿ ಸಿಗುತ್ತದೆ. ಐದಕ್ಕೆ ಎರಡು ಅಂಕ ಕೊಡಬಹುದು. ಆ ಎರಡೂ ಅಂಕ ಬೀಜಗಳಿಗೇ ಸಲ್ಲಬೇಕು.

ಹಂತ 1ರಲ್ಲಿ ಅಗಸೆ ಮತ್ತು ಸಿಹಿಗುಂಬಳದ ಬೀಜದ ಪುಡಿ. ಮುಟ್ಟಾದ ದಿನದಿಂದ 14ನೇ ದಿನದವರೆಗೆ ತಿನ್ನಬೇಕು. ಹಂತ 2ರಲ್ಲಿ ಎಳ್ಳು ಮತ್ತು ಸೂರ್ಯಕಾಂತಿ ಬೀಜದ ಪುಡಿ, 15ರಿಂದ 28ರವರೆಗೆ. ದಿನಕ್ಕೆ 20 ಗ್ರಾಂ. ಸೀಡ್ ಸೈಕ್ಲಿಂಗ್ ಎನ್ನುವುದು ಇದನ್ನೇ. ಮುಟ್ಟನ್ನು ನಡೆಸುವ ಎರಡು ಹಾರ್ಮೋನ್‌ಗಳ ಪೈಕಿ ಮೊದಲ ಜೋಡಿ ಈಸ್ಟ್ರೋಜನ್ ನೋಡಿಕೊಳ್ಳುತ್ತದೆ, ಎರಡನೆಯದು ಪ್ರೊಜೆಸ್ಟರಾನ್ ಹೆಚ್ಚಿಸುತ್ತದೆ ಎಂಬುದು ಡಬ್ಬಿಯ ಮೇಲಿನ ವಿವರಣೆ.

ಬೀಜಗಳ ಲೆಕ್ಕ ಮೊದಲು ನೋಡೋಣ. 10 ಗ್ರಾಂ ಅಗಸೆ, 10 ಗ್ರಾಂ ಕುಂಬಳದ ಬೀಜ ಸೇರಿದರೆ ಸುಮಾರು 110 ಕ್ಯಾಲೊರಿ, 5 ಗ್ರಾಂ ಪ್ರೋಟೀನ್, 3 ಗ್ರಾಂ ನಾರು, 2 ಗ್ರಾಂಗಿಂತ ತುಸು ಹೆಚ್ಚು ಒಮೆಗಾ-3 ಸಿಗುತ್ತದೆ. ಸಸ್ಯಾಹಾರಿಗಳಿಗೆ ಒಮೆಗಾ-3 ಬೇರೆಡೆ ಇಷ್ಟು ಸುಲಭವಾಗಿ ಸಿಗುವುದಿಲ್ಲ, ಇದು ನಿಜವಾದ ಲಾಭ. ಸತುವಿನ ಬಗ್ಗೆ ಡಬ್ಬಿ ದೊಡ್ಡದಾಗಿ ಬರೆದುಕೊಂಡಿದೆ. ಆದರೆ ಆ 20 ಗ್ರಾಂನಲ್ಲಿ ಸಿಗುವ ಸತು 1.2 ಮಿಲಿಗ್ರಾಂ ಆಸುಪಾಸು; ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ ವಯಸ್ಕ ಹೆಣ್ಣಿಗೆ ದಿನಕ್ಕೆ ಬೇಕಾದದ್ದು 13.2 ಮಿಲಿಗ್ರಾಂ. ಹತ್ತರಲ್ಲಿ ಒಂದು ಪಾಲೂ ತುಂಬುವುದಿಲ್ಲ. ಎರಡನೇ ಡಬ್ಬಿಯ ಸೂರ್ಯಕಾಂತಿ ಬೀಜದಿಂದ ವಿಟಮಿನ್ ಇ ಚೆನ್ನಾಗಿ ಸಿಗುತ್ತದೆ. ಎಳ್ಳಿನ ಕ್ಯಾಲ್ಸಿಯಂ ಎಂದು ಹೇಳಿಕೊಂಡಿದ್ದಾರೆ, ಹಾಕಿರುವುದು ಮಾತ್ರ ಸಿಪ್ಪೆ ತೆಗೆದ ಬಿಳಿ ಎಳ್ಳು. ಎಳ್ಳಿನ ಕ್ಯಾಲ್ಸಿಯಂನ ಹೆಚ್ಚಿನ ಪಾಲು ಇರುವುದು ಸಿಪ್ಪೆಯಲ್ಲಿ, ಅದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಬೇಕಾದರೆ ರಾಗಿ ಇದೆ: 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಆಸುಪಾಸು. ಹಾಸನದವರಿಗೆ ಇದನ್ನು ಡಬ್ಬಿಯಲ್ಲಿ ತುಂಬಿ ಮಾರಬೇಕಾಗಿಲ್ಲ.

ಇನ್ನು ಕ್ಯಾಲೆಂಡರ್. ಇಡೀ ಕಿಟ್ ನಿಂತಿರುವುದು ಇದರ ಮೇಲೆ, ಬಲ ಇಲ್ಲದಿರುವುದೂ ಇಲ್ಲೇ. ಅಗಸೆಯಲ್ಲಿ ಲಿಗ್ನಾನ್ ಎಂಬ ವಸ್ತು ಇದೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಎಂಟರೋಲ್ಯಾಕ್ಟೋನ್ ಆಗಿ ಮಾರ್ಪಡಿಸುತ್ತವೆ, ಅದು ತೀರಾ ಸೌಮ್ಯವಾಗಿ ಈಸ್ಟ್ರೋಜನ್ ಥರ ವರ್ತಿಸುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಅಗಸೆಯ ನಂತರ ಲಿಗ್ನಾನ್ ಅತಿ ಹೆಚ್ಚು ಇರುವ ಕಾಳುಗಳಲ್ಲಿ ಎಳ್ಳೇ ಮುಂದು. ಒಂದನ್ನು ಈಸ್ಟ್ರೋಜನ್ನಿಗೆ, ಇನ್ನೊಂದನ್ನು ಪ್ರೊಜೆಸ್ಟರಾನಿಗೆ ಎಂದು ಹಂಚಲು ಆಧಾರವೇ ಇಲ್ಲ. ಪ್ರೊಜೆಸ್ಟರಾನ್ ಬರುವುದು ಅಂಡ ಬಿಡುಗಡೆಯಾದ ಮೇಲೆ, ಆ ಖಾಲಿ ಕೋಶದಿಂದ. ಅಂಡವೇ ಬಿಡುಗಡೆಯಾಗದಿದ್ದರೆ ಎಳ್ಳು ಎಷ್ಟು ತಿಂದರೂ ಪ್ರೊಜೆಸ್ಟರಾನ್ ಹುಟ್ಟದು. ಪಿಸಿಓಡಿಯ ತೊಂದರೆಯೇ ಅದು: ಅಂಡ ಸಮಯಕ್ಕೆ ಬಿಡುಗಡೆಯಾಗುವುದಿಲ್ಲ. 45, 60 ದಿನಕ್ಕೊಮ್ಮೆ ಮುಟ್ಟಾಗುವವರಿಗೆ 15ನೇ ದಿನಕ್ಕೆ ಡಬ್ಬಿ ಬದಲಿಸಿ ಎನ್ನುವುದು ಯಾರ ದೇಹದ ಲೆಕ್ಕವೂ ಅಲ್ಲ. ಈ ಪದ್ಧತಿಯ ಮೇಲೆ ನಡೆದಿರುವ ಅಧ್ಯಯನಗಳು ಸಣ್ಣವು. ಬೀಜದ ಜೊತೆಗೆ ಊಟವನ್ನೂ ಬದಲಿಸಿದಾಗ ಕಂಡ ಗುಣ ಯಾವುದರಿಂದ ಬಂತೆಂದು ಹೇಳಲಾಗದು. ನಾಲ್ಕೂ ಬೀಜವನ್ನು ಬೆರೆಸಿ ತಿಂಗಳಿಡೀ ತಿಂದರೆ ಏನೂ ನಷ್ಟವಿಲ್ಲ.

ಗುಣಮಟ್ಟದಲ್ಲಿ ದೊಡ್ಡ ಕೊರತೆ ಎಂದರೆ ಪುಡಿ ಹಳತಾಗಿರುವುದು. ಅಗಸೆ ಎಣ್ಣೆ ಗಾಳಿ ಸೋಕಿದರೆ ಬೇಗ ಗಟ್ಟಿಯಾಗುತ್ತದೆ; ಪೇಂಟು, ವಾರ್ನಿಶ್‌ಗೆ ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಇಡೀ ಬೀಜದಲ್ಲಿ ಸಿಪ್ಪೆ ಅದನ್ನು ಕಾಪಾಡುತ್ತದೆ. ಪುಡಿ ಮಾಡಿದ ದಿನದಿಂದ ಗಾಳಿ, ಬೆಳಕು, ಶಾಖ ಮೂರೂ ಕೆಡಿಸಲು ಶುರುಮಾಡುತ್ತವೆ. ಹೀಗಿದ್ದೂ ಇದನ್ನು ಪಾರದರ್ಶಕ ಡಬ್ಬಿಯಲ್ಲಿ ತುಂಬಿ, ಟ್ಯೂಬ್‌ಲೈಟ್ ಕೆಳಗಿನ ಶೆಲ್ಫಿನಲ್ಲಿಟ್ಟು, ಒಂಬತ್ತು ತಿಂಗಳು ಬಾಳುತ್ತದೆ ಎಂದು ಮುದ್ರಿಸಿದ್ದಾರೆ. ಮುಚ್ಚಳ ತೆಗೆದು ಮೂಸಿ ನೋಡಿ. ತಾಜಾ ಅಗಸೆ ಪುಡಿಗೆ ಹುರಿದ ಕಾಳಿನ ಹಗುರ ವಾಸನೆ ಇರಬೇಕು. ಮರಗೆಲಸದ ಅಂಗಡಿಯ ಎಣ್ಣೆ ವಾಸನೆ ಬಂದರೆ, ನಾಲಗೆಗೆ ಕಹಿ ಹತ್ತಿ ಗಂಟಲಲ್ಲಿ ಕಿರಿಕಿರಿಯಾದರೆ ಅದು ಕಮಟಿದೆ. ಪರಿಶೀಲಿಸಿದ ಡಬ್ಬಿಯ ತಳದಲ್ಲಿ ಪುಡಿ ಎಣ್ಣೆ ಬಿಟ್ಟು ಉಂಡೆಗಟ್ಟಿತ್ತು, ವಾಸನೆಯೂ ಬಂದಿತ್ತು. ಹಾರ್ಮೋನ್ ಸರಿಹೋಗಲಿ ಎಂದು ಕಮಟು ಎಣ್ಣೆ ತಿನ್ನುವುದರಲ್ಲಿ ಅರ್ಥವಿಲ್ಲ.

ಮನೆಯಲ್ಲಿ ಮಾಡಿಕೊಳ್ಳುವುದು ಸುಲಭ, ಖರ್ಚೂ ಕಡಿಮೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಸುತ್ತಿನ ದಿನಸಿ ಅಂಗಡಿಗಳಲ್ಲಿ ಇಡೀ ಬೀಜಗಳು ಬಿಡಿಯಾಗಿ ಸಿಗುತ್ತವೆ. ಕಿಟ್ಟಿನಲ್ಲಿರುವಷ್ಟೇ ತೂಕ, ಅಂದರೆ ನಾಲ್ಕೂ ತಲಾ 140 ಗ್ರಾಂ ಕೊಂಡರೆ 200 ರೂಪಾಯಿ ಸುಮಾರಿಗೆ ಮುಗಿಯುತ್ತದೆ. ಅದರಲ್ಲೂ ಹೆಚ್ಚಿನದು ಕುಂಬಳದ ಬೀಜಕ್ಕೆ ಹೋಗುತ್ತದೆ. ಕುಂಬಳ ದುಬಾರಿ ಅನಿಸಿದರೆ ಬಿಡಿ, ಬದಲಿಗೆ ಶೇಂಗಾ ಇರಲಿ. ಅಗಸೆಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಚಟಪಟ ಸಿಡಿಯುವವರೆಗೆ, ಮೂರು ನಾಲ್ಕು ನಿಮಿಷ, ಕೈಯಾಡಿಸುತ್ತ ಹುರಿಯಬೇಕು. ಬಣ್ಣ ಕಪ್ಪಾಗುವಷ್ಟು ಬಿಟ್ಟರೆ ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಬಿಸಿ ಇರುವಾಗಲೇ ಅಥವಾ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ವಾರಕ್ಕೆ ಬೇಕಾದಷ್ಟೇ ಮಾಡಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಅಗಸೆಯನ್ನು ಇಡಿಯಾಗಿ ನುಂಗಿದರೆ ಹೋದಂತೆಯೇ ಹೊರಬರುತ್ತದೆ, ಪುಡಿ ಆಗಲೇಬೇಕು. ಮೊದಲ ವಾರ ದಿನಕ್ಕೆ ಒಂದು ಟೀ ಚಮಚ ಸಾಕು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ, ನೀರು ಕಡಿಮೆ ಕುಡಿದರೆ ಮಲಬದ್ಧತೆ. ಮಜ್ಜಿಗೆಗೆ, ಅಕ್ಕಿರೊಟ್ಟಿಯ ಹಿಟ್ಟಿಗೆ ಸೇರಿಸಬಹುದು. ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿ, ಉಪ್ಪು ಹಾಕಿ ಹುಚ್ಚೆಳ್ಳಿನ ಚಟ್ನಿಪುಡಿ ಮಾಡುವ ಹಾಗೆಯೇ ಮಾಡಿದರೆ ಮನೆಯವರೆಲ್ಲ ತಿನ್ನುತ್ತಾರೆ, ಔಷಧಿ ಎಂಬ ಭಾವನೆಯೂ ಇರುವುದಿಲ್ಲ.

ಲಡ್ಡುವನ್ನು ಶಿಫಾರಸು ಮಾಡಲಾಗದು. ‘ಸಕ್ಕರೆ ಇಲ್ಲ’ ಎಂದು ಬರೆದಿದ್ದಾರೆ, ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಖರ್ಜೂರ, ಎರಡನೆಯದು ಬೆಲ್ಲ. ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ, ಹಾಗಾಗಿ ಇದು ಖರ್ಜೂರದ ಉಂಡೆ, ಬೀಜ ನೆಪಕ್ಕೆ. 30 ಗ್ರಾಂನ ಒಂದು ಲಡ್ಡುವಿನಲ್ಲಿ ಅರ್ಧ ಖರ್ಜೂರವಿದ್ದರೆ ಅದರಿಂದಲೇ 10 ಗ್ರಾಂ ಸಕ್ಕರೆ, ಬೆಲ್ಲದ್ದು ಬೇರೆ. ಹೆಣ್ಣುಮಕ್ಕಳು ಮೈನೆರೆದಾಗ ಒಸಗೆಯಲ್ಲಿ ಕೊಡುವ ಚಿಗಳಿಯಲ್ಲೂ ಬೆಲ್ಲವಿದೆ, ಆದರೆ ಅದು ನಾಲ್ಕು ದಿನದ ಮಾತು. ದಿನಾ ಎರಡರಂತೆ ವರ್ಷವಿಡೀ ತಿನ್ನಿ ಎಂದು ಯಾವ ಅಜ್ಜಿಯೂ ಹೇಳಿರಲಿಲ್ಲ.

ಡಯಟ್ ಚಾರ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹಾರ್ಮೋನ್ ಮೇಲೆ ನಿಜವಾಗಿ ಪರಿಣಾಮ ಬೀರುವುದು ತಟ್ಟೆಯ ಊಟವೇ ಹೊರತು 20 ಗ್ರಾಂ ಪುಡಿ ಅಲ್ಲ.

ಪಿಸಿಓಡಿ ಇರುವ ಬಹಳಷ್ಟು ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ದೇಹ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಎರಡು ಕಡೆ ಕೆಲಸ ಕೆಡಿಸುತ್ತದೆ. ಅಂಡಾಶಯದಲ್ಲಿ ಟೆಸ್ಟೋಸ್ಟೆರಾನ್ ಉತ್ಪತ್ತಿ ಏರುತ್ತದೆ. ಯಕೃತ್ತಿನಲ್ಲಿ ಆ ಟೆಸ್ಟೋಸ್ಟೆರಾನನ್ನು ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಕಡಿಮೆಯಾಗುತ್ತದೆ. ಮೊಡವೆ, ಗದ್ದದ ಮೇಲೆ ಕೂದಲು, ತಡವಾಗುವ ಮುಟ್ಟು ಇವುಗಳ ಹಿಂದೆ ಇರುವುದು ಈ ಸರಪಳಿ. ಮೈತೂಕ ಹೆಚ್ಚಿರುವವರು 5ರಿಂದ 10 ಶೇಕಡಾ ಇಳಿಸಿದರೆ, ಅಂದರೆ 80 ಕಿಲೋ ಇರುವವರು 4ರಿಂದ 8 ಕಿಲೋ ಇಳಿಸಿದರೆ, ಎಷ್ಟೋ ಜನರಲ್ಲಿ ಅಂಡೋತ್ಪತ್ತಿ ಮರಳುತ್ತದೆ. ಅದಕ್ಕೆ ಇಂಥದೇ ಡಯಟ್ ಆಗಬೇಕೆಂದಿಲ್ಲ. ಪಿಸಿಓಎಸ್‌ನ (ಪಿಸಿಓಡಿಯ ಇನ್ನೊಂದು ಹೆಸರು) 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಯಾವೊಂದು ಆಹಾರ ಪದ್ಧತಿಯನ್ನೂ ಇನ್ನೊಂದಕ್ಕಿಂತ ಮೇಲು ಎಂದು ಹೇಳಿಲ್ಲ. ಮುಂದುವರಿಸಿಕೊಂಡು ಹೋಗಲು ಆಗುವಂಥದ್ದು ಒಳ್ಳೆಯದು.

ಚಾರ್ಟ್ ಹೇಳುವುದೇನು? ಹಾಲು ಬಿಡಿ, ಗೋಧಿ ಬಿಡಿ, ಬೆಳಗ್ಗೆ ಪುಡಿ ಮತ್ತು ಬೂದುಗುಂಬಳದ ಜ್ಯೂಸ್, ಮಧ್ಯಾಹ್ನ ಒಂದು ಬಟ್ಟಲು ಕ್ವಿನೋವಾ, ರಾತ್ರಿ ಸೂಪ್. ಕೂಡಿ ನೋಡಿದರೆ 1,000 ಕ್ಯಾಲೊರಿ ಸುತ್ತ. ಕೂತು ಕೆಲಸ ಮಾಡುವ 55 ಕಿಲೋ ಹೆಣ್ಣಿಗೆ ಐಸಿಎಂಆರ್ ಹೇಳುವುದು 1,660. ತೆಳ್ಳಗಿರುವ ಹುಡುಗಿ ಈ ಚಾರ್ಟ್ ಹಿಡಿದರೆ ಉಪವಾಸವೇ ಮುಟ್ಟನ್ನು ನಿಲ್ಲಿಸಬಹುದು: ಆಹಾರ ಸಾಲದು ಎಂದು ಗೊತ್ತಾದಾಗ ಮಿದುಳು ಅಂಡಾಶಯಕ್ಕೆ ಕಳಿಸುವ ಸೂಚನೆಯನ್ನೇ ತಗ್ಗಿಸುತ್ತದೆ. ಪಿಸಿಓಡಿ ತೆಳ್ಳಗಿರುವವರಿಗೂ ಬರುತ್ತದೆ. ಅವರಿಗೆ ತೂಕ ಇಳಿಸುವ ಚಾರ್ಟ್ ಕೊಡುವುದು ಅಪಾಯ. ಹಾಲು ಮೊಸರು ಬಿಡಿಸಿದರೆ ಸಸ್ಯಾಹಾರಿಗಳಿಗೆ ವಿಟಮಿನ್ ಬಿ12 ಸಿಗುವ ದಾರಿಯೇ ಮುಚ್ಚುತ್ತದೆ. ಪಿಸಿಓಡಿಗೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಲ್ಲಿ ಬಿ12 ಮೊದಲೇ ಇಳಿಯುತ್ತದೆ. ಅಲರ್ಜಿ ಅಥವಾ ಗೋಧಿ ಆಗದ ಸೀಲಿಯಾಕ್ ಕಾಯಿಲೆ ಇಲ್ಲದವರು ಗೋಧಿ ಬಿಡುವ ಅಗತ್ಯವೂ ಇಲ್ಲ.

ನಮ್ಮ ಊಟದಲ್ಲೇ ಸರಿಪಡಿಸಬೇಕಾದದ್ದು ಬೇರೆ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲೂ 50 ಗ್ರಾಂ ದಾಟಿ ಪಿಷ್ಟ ಇದೆ. ಮುದ್ದೆ ಒಳ್ಳೆಯದೇ, ಎರಡು ಮುದ್ದೆಗೆ ತಿಳಿಸಾರು ಮಾತ್ರ ಎಂಬುದು ತೊಂದರೆ. ಒಂದು ಮುದ್ದೆ, ಅದರ ಜೊತೆ ಗಟ್ಟಿ ಬಸ್ಸಾರಿನ ಪಲ್ಯ ಒಂದು ಬಟ್ಟಲು, ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಕಾಳು, ಇಷ್ಟಾದರೆ ಹೊಟ್ಟೆಯೂ ತುಂಬುತ್ತದೆ. ಹುರುಳಿ ಕಟ್ಟಿನ ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಪ್ರೋಟೀನ್ ಉಳಿದಿರುವುದು ಆ ಕಾಳಿನಲ್ಲೇ, 40 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 9 ಗ್ರಾಂ. ಕಾಳನ್ನು ಒಗ್ಗರಣೆ ಹಾಕಿ ತಿನ್ನಿ. ಸೊಗಡಿನ ಅವರೆ ಕಾಲದಲ್ಲಿ ಅಕ್ಕಿರೊಟ್ಟಿ ಎರಡಕ್ಕಿಳಿಸಿ ಕಾಳಿನ ಸಾರು ಹೆಚ್ಚಿಸಿ. ಮೀನು ತಿನ್ನುವವರು ಘಟ್ಟ ಹತ್ತಿ ಬರುವ ಬಂಗುಡೆ, ಭೂತಾಯಿಯನ್ನು ವಾರಕ್ಕೆರಡು ಸಲ ಸಾರು ಮಾಡಿದರೆ ಅಗಸೆಗಿಂತ ಮೇಲಾದ ಒಮೆಗಾ-3 ಸಿಗುತ್ತದೆ; ದೇಹ ಅಗಸೆಯದನ್ನು ಪರಿವರ್ತಿಸಿಕೊಳ್ಳಬೇಕು, ಮೀನಿನದು ಸಿದ್ಧ ರೂಪದಲ್ಲಿದೆ. ಊಟವಾದ ಮೇಲೆ 15 ನಿಮಿಷ ನಡೆಯುವುದು ಕೂಡ ರಕ್ತದ ಸಕ್ಕರೆಯನ್ನು ಇಳಿಸುತ್ತದೆ.

ಕಾಫಿ ನಾಡಿನಲ್ಲಿ ಕುಳಿತು ಮಾಡಿದ ಚಾರ್ಟ್ ಕಾಫಿಯ ಹೆಸರೇ ಎತ್ತಿಲ್ಲ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ ಸಕ್ಕರೆಯೇ 35 ಗ್ರಾಂ ಆಗುತ್ತದೆ. ಡಿಕಾಕ್ಷನ್ ಕಾಫಿಯ 150 ಮಿಲಿ ಲೋಟದಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ, ಚಿಕೋರಿಯಲ್ಲಿ ಇಲ್ಲ. ಹಾಗಾಗಿ ಯಾವ ಪುಡಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ದಿನಕ್ಕೆ 200 ಮಿಲಿಗ್ರಾಂ ಒಳಗಿರುವುದು ಕ್ಷೇಮ, ಅಂದರೆ ಎರಡು ಸಣ್ಣ ಲೋಟ ಸಾಕು. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ ಟೀ ಬೇಡ, ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಾಸಿಕ ಸ್ರಾವ ಹೆಚ್ಚಿರುವವರಿಗೆ ಇದು ಬಹಳ ಮುಖ್ಯ.

ಕಿಟ್ ಸಂಪೂರ್ಣ ಮರೆತಿರುವುದು ಫೋಲಿಕ್ ಆ್ಯಸಿಡ್. ಮಗುವಿನ ಬೆನ್ನುಹುರಿಯ ನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಮುಚ್ಚಬೇಕು, ಆಗ ಎಷ್ಟೋ ಜನರಿಗೆ ಬಸಿರಿ ಎಂದೇ ತಿಳಿದಿರುವುದಿಲ್ಲ. ಆದ್ದರಿಂದ ಪ್ರಯತ್ನಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿಂದ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಬೇಕು. ತೂಕ ಬಹಳ ಹೆಚ್ಚಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಎಷ್ಟು ಎಂದು ವೈದ್ಯರು ಹೇಳಬೇಕು. ಗರ್ಭಧಾರಣೆಯ ಹೆಸರಲ್ಲಿ ಮಾರುವ ವಸ್ತು ಇದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಥೈರಾಯ್ಡ್ ಕೂಡ ಹಾಗೇ. ಮುಟ್ಟು ಏರುಪೇರಾದರೆ ಮೊದಲು ಮಾಡಿಸಬೇಕಾದ ರಕ್ತಪರೀಕ್ಷೆಗಳಲ್ಲಿ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಒಂದು. ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಮಳೆ ಮಣ್ಣಿನ ಅಯೋಡಿನ್ ತೊಳೆದುಬಿಡುತ್ತದೆ. ಅಯೋಡಿನ್ ಉಪ್ಪನ್ನು ಬಿಟ್ಟು ಕಲ್ಲುಪ್ಪು, ಗುಲಾಬಿ ಉಪ್ಪಿಗೆ ಬದಲಿಸಿ ಎಂಬ ಚಾರ್ಟಿನ ಸಲಹೆ ಮಲೆನಾಡಿಗೆ ತೀರಾ ತಪ್ಪು. ಥೈರಾಯ್ಡ್ ಮಾತ್ರೆ ನುಂಗುವವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಅಗಸೆಯ ನಾರು ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಪುಡಿಯನ್ನು ಮಧ್ಯಾಹ್ನಕ್ಕೆ ಮುಂದೂಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಡಬ್ಬಿಯಲ್ಲಿ ‘ಬೆಳಗ್ಗೆ ಖಾಲಿ ಹೊಟ್ಟೆಗೆ’ ಎಂದಿದೆ, ಇದು ನೇರವಾಗಿ ಮಾತ್ರೆಯ ಕೆಲಸ ಕೆಡಿಸುವ ಸಲಹೆ.

ಗಂಡಸರ ಮಾತೇ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ, ಆದರೂ ಡಬ್ಬಿ ಹೆಂಡತಿಯ ಕೈಗೇ ಬರುತ್ತದೆ. ಇದು ನೋವಿನ ಸಂಗತಿ. ವೀರ್ಯಾಣು ತಯಾರಾಗಲು 74 ದಿನ ಹಿಡಿಯುತ್ತದೆ, ಹೆಣ್ಣಿನ ಅಂಡದ ಕೊನೆಯ ಬೆಳವಣಿಗೆಗೂ ಮೂರು ತಿಂಗಳ ಆಸುಪಾಸು. ಹಾಗಾಗಿ ಊಟ ಬದಲಿಸುವುದಿದ್ದರೆ ಇಬ್ಬರೂ ಒಟ್ಟಿಗೆ, ಮೂರು ತಿಂಗಳಾದರೂ ಬದಲಿಸಬೇಕು. ಸಿಗರೇಟು, ಗುಟ್ಕಾ, ಕುಡಿತ ಬಿಡುವುದು ಯಾವ ಬೀಜಕ್ಕಿಂತಲೂ ಹೆಚ್ಚು ಉಪಕಾರಿ. ಜಿಮ್ಮಿನಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವವರಿಗೆ ಎಚ್ಚರಿಕೆ: ಹೊರಗಿನಿಂದ ಕೊಟ್ಟರೆ ಮಿದುಳು ವೃಷಣಕ್ಕೆ ಸೂಚನೆ ಕಳಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣು ಶೂನ್ಯಕ್ಕಿಳಿಯಬಹುದು. ವೀರ್ಯ ಪರೀಕ್ಷೆ ಅಗ್ಗದ, ನೋವಿಲ್ಲದ ಪರೀಕ್ಷೆ. ಹೆಂಡತಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವ ಮೊದಲೇ ಅದು ಆಗಬೇಕು.

‘ಮುಟ್ಟು ಸರಿಪಡಿಸುತ್ತದೆ’ ಎಂಬ ಡಬ್ಬಿಯ ಮಾತು ಕಾನೂನಿಗೂ ಒಪ್ಪುವಂಥದ್ದಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ 1954ರ ಕಾಯ್ದೆ ಮುಟ್ಟಿನ ತೊಂದರೆ ಸರಿಪಡಿಸುವ ಔಷಧಿ ಎಂದು ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಆಹಾರ ಪದಾರ್ಥದ ಮೇಲೆ ಕಾಯಿಲೆ ಗುಣಪಡಿಸುತ್ತದೆ ಎಂದು ಬರೆಯುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ನಿಯಮಗಳಲ್ಲಿ ಅವಕಾಶವಿಲ್ಲ. ಕೊಳ್ಳುವಾಗ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತಯಾರಿಸಿದ ದಿನಾಂಕ ನೋಡಿ. ಎರಡರಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಇಡಿ.

ಕಾಯಬಾರದ ಸಂದರ್ಭಗಳೂ ಇವೆ. ಬಸಿರಾಗದೆ ಮೂರು ತಿಂಗಳು ಮುಟ್ಟು ನಿಂತರೆ ಪುಡಿ ತಿನ್ನುತ್ತ ಕೂರದೆ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಪ್ರೊಜೆಸ್ಟರಾನ್ ಇಲ್ಲದೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗುವುದು ಒಳ್ಳೆಯದಲ್ಲ. 35ರ ಒಳಗಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಫಲ ಕಾಣದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಬೇಕು; ಮುಟ್ಟು ಮೊದಲಿಂದ ಏರುಪೇರಿದ್ದರೆ ಅಷ್ಟೂ ಕಾಯಬೇಕಿಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್‌ನ ಹೊರರೋಗಿ ವಿಭಾಗದಲ್ಲಿ ಸ್ತ್ರೀರೋಗ ತಜ್ಞರು ಸಿಗುತ್ತಾರೆ. ಈ ಕಿಟ್‌ಗೆ ನಾಲ್ಕೈದು ತಿಂಗಳು ಸುರಿಯುವ ದುಡ್ಡು ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್, ಸಕ್ಕರೆಯ ಪರೀಕ್ಷೆಗಳಿಗೆ ಆಗಿಬರುತ್ತದೆ.

ಈಗಾಗಲೇ ಕೊಂಡವರು ಮೂಸಿ ನೋಡಿ, ವಾಸನೆ ಸರಿಯಿದ್ದರೆ ಎರಡೂ ಡಬ್ಬಿಯನ್ನು ಒಂದಾಗಿ ಬೆರೆಸಿ ಫ್ರಿಜ್‌ನಲ್ಲಿಟ್ಟು, ಮಧ್ಯಾಹ್ನದ ಮಜ್ಜಿಗೆಗೆ ಒಂದು ಚಮಚ ಹಾಕಿ ಮುಗಿಸಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಬಸಿರಾದವರು ಅಗಸೆಯನ್ನು ದಿನಾ ಚಮಚಗಟ್ಟಲೆ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು.